ಪ್ರಿನ್ಸಿಪಾಲರ ಮನೆ ಅರಮನೆಯಾದ ಕಥೆ

ಹೆಬ್ಬಾಳದ ಕಡೆಯಿಂದ ಬಳ್ಳಾರಿ ರಸ್ತೆಯಲ್ಲಿ ನಗರದೊಳಕ್ಕೆ ಬರುವವರಿಗೆ ಮೇಖ್ರಿ ವೃತ್ತ ದಾಟಿದೊಡನೆ ಎಡಗಡೆ ಉದ್ದಕ್ಕೂ ಒಂದು ಗೋಡೆ ಕಾಣಿಸುತ್ತದೆ. ಗೋಡೆಯಾಚೆ ಮರಗಳು, ನಡುನಡುವೆ ಮದುವೆಯ ಚಪ್ಪರಗಳು, ವಸ್ತುಪ್ರದರ್ಶನಗಳ ಕಮಾನುಗಳು. ಬೆಂಗಳೂರಿಗರು ಇದನ್ನು 'ಪ್ಯಾಲೇಸ್ ಗ್ರೌಂಡ್ಸ್' ಎಂದೇ ಕರೆಯುತ್ತಾರೆ. ಮೈದಾನದ ಹೆಸರು ಎಲ್ಲರಿಗೂ ಗೊತ್ತು. ಆ ಹೆಸರಿಗೆ ಕಾರಣವಾದ ಅರಮನೆಯನ್ನು ಒಳಹೊಕ್ಕು ನೋಡಿದವರು ಮಾತ್ರ ಅಷ್ಟು ಮಂದಿ ಇಲ್ಲ. ಆ ಅರಮನೆ ಮೂಲತಃ ಒಬ್ಬ ಶಾಲಾ ಪ್ರಿನ್ಸಿಪಾಲರ ಮನೆಯಾಗಿತ್ತು ಎಂಬುದನ್ನು ಬಲ್ಲವರಂತೂ ಇನ್ನೂ ವಿರಳ.

ಒಂದು ಮನೆಗೆ ನೂರೈವತ್ತು ವರ್ಷ ತುಂಬಿದರೆ ಅದರ ಗೋಡೆಗಳ ನಡುವೆ ಎಷ್ಟು ಬಗೆಯ ಜನ ಬಾಳಿ ಹೋಗುತ್ತಾರೆ! ಬೆಂಗಳೂರು ಅರಮನೆಯ ವಿಷಯದಲ್ಲಿ ಪಾದ್ರಿ, ಬಾಲಕ ದೊರೆ, ರಾಜರ್ಷಿ, ಸಂಗೀತಗಾರ, ಸಂಸತ್ ಸದಸ್ಯ ಹೀಗೆ ಪಟ್ಟಿ ಬೆಳೆಯುತ್ತದೆ. ಮೈಸೂರು ಸಂಸ್ಥಾನದ ಚರಿತ್ರೆಯೇ ಈ ಒಂದು ಮನೆಯ ಬಾಗಿಲಿನಿಂದ ಒಳಹೊಕ್ಕು ಹೊರಬಂದಂತಿದೆ.

ಮೊದಲ ಯಜಮಾನ

ಕಥೆ ಆರಂಭವಾಗುವುದು ರೆವರೆಂಡ್ ಜಾನ್ ಗ್ಯಾರೆಟ್ ಎಂಬ ವೆಸ್ಲಿಯನ್ ಪಾದ್ರಿಯಿಂದ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ತಮ್ಮ ಕೈಗೆ ತೆಗೆದುಕೊಂಡಿದ್ದರು. ಅರಸರು ಮೈಸೂರಿನಲ್ಲಿದ್ದರೆ ಅಧಿಕಾರವೆಲ್ಲ ಬೆಂಗಳೂರಿನ ಕಮಿಷನರ್ ಬಳಿ ಇತ್ತು. ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಆ ಹುದ್ದೆಯಲ್ಲಿದ್ದರು. ಅವರ ಕಾಲದಲ್ಲೇ, 1858ರಲ್ಲಿ, ಬೆಂಗಳೂರಿನಲ್ಲಿ ಸೆಂಟ್ರಲ್ ಹೈಸ್ಕೂಲ್ ಸ್ಥಾಪನೆಯಾಯಿತು. ಅದರ ಮೊದಲ ಪ್ರಿನ್ಸಿಪಾಲರೇ ಗ್ಯಾರೆಟ್. ಮುಂದೆ ಅವರು ಮೈಸೂರಿನ ವಿದ್ಯಾ ಇಲಾಖೆಯ ನಿರ್ದೇಶಕರೂ ಆದರು.

ಗ್ಯಾರೆಟ್ ಬರಿಯ ಆಡಳಿತಗಾರರಲ್ಲ, ಪುಸ್ತಕಪ್ರಿಯರು. ಪಾದ್ರಿಯಾಗಿದ್ದೂ ಅವರು 1849ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮುದ್ರಣಾಲಯದಿಂದ ಭಗವದ್ಗೀತೆಯನ್ನು ಪ್ರಕಟಿಸಿದರು. ಸಂಸ್ಕೃತ ಮೂಲ, ಕನ್ನಡ ಮತ್ತು ಇಂಗ್ಲಿಷ್ ಮೂರನ್ನೂ ಒಟ್ಟಿಗೆ ಕೊಟ್ಟಿದ್ದ ಪುಸ್ತಕ ಅದು. 1871ರಲ್ಲಿ ಭಾರತದ ಪುರಾಣ, ಸಾಹಿತ್ಯ, ಆಚಾರಗಳನ್ನು ಕುರಿತ ದೊಡ್ಡ ನಿಘಂಟೊಂದನ್ನೂ ಹೊರತಂದರು.

ಪೇಟೆಗೂ ದಂಡುಪ್ರದೇಶಕ್ಕೂ ಉತ್ತರದಲ್ಲಿ, ಆಗಿನ ಕಾಲಕ್ಕೆ ಊರಾಚೆ ಎನ್ನಬಹುದಾದ ಬಯಲಿನಲ್ಲಿ ಗ್ಯಾರೆಟ್ ತಮಗಾಗಿ ಒಂದು ಮನೆ ಕಟ್ಟಿಸಲು ತೊಡಗಿದರು. 1862ರ ಸುಮಾರಿಗೆ ಕೆಲಸ ಆರಂಭವಾಯಿತು. ಶಾಲಾ ಮುಖ್ಯಸ್ಥನೊಬ್ಬನ ಮನೆ ಎಂದರೆ ಇಂದಿನವರಿಗೆ ಎರಡು ಕೋಣೆ, ಒಂದು ಅಡುಗೆಮನೆ ನೆನಪಾಗಬಹುದು. ಗ್ಯಾರೆಟ್ ಅವರ ಮನೆ ಹಾಗಿರಲಿಲ್ಲ. ದೊರೆಯೊಬ್ಬನಿಗೆ ತಕ್ಕುದು ಎಂದು ಮುಂದೆ ಬೇರೆಯವರಿಗೆ ಅನ್ನಿಸುವಷ್ಟು ಅದು ವಿಶಾಲವಾಗಿತ್ತು.

ಹತ್ತು ವರ್ಷದ ದೊರೆಗೆ ಒಂದು ಮನೆ

1868ರ ಮಾರ್ಚ್ 27ರಂದು ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. ಅವರು ದತ್ತು ತೆಗೆದುಕೊಂಡಿದ್ದ ಚಾಮರಾಜೇಂದ್ರ ಒಡೆಯರಿಗೆ ಆಗ ಐದೇ ವರ್ಷ. ದತ್ತುಪುತ್ರನ ಹಕ್ಕನ್ನು ಬ್ರಿಟಿಷರು ಒಪ್ಪಿದ್ದರಿಂದ, ಹುಡುಗ ದೊಡ್ಡವನಾದ ಮೇಲೆ ರಾಜ್ಯವನ್ನು ಅವನಿಗೆ ಮರಳಿಸಬೇಕಾಗಿತ್ತು. ಅಲ್ಲಿಯವರೆಗೆ ಆತನಿಗೆ ವಿದ್ಯೆ ಕಲಿಸಿ ಆಡಳಿತಕ್ಕೆ ಸಿದ್ಧಗೊಳಿಸುವ ಕೆಲಸ ಪಾಲಕರದು. 1869ರಲ್ಲಿ ಈ ಹೊಣೆ ಹೊತ್ತವರು ಇತಿಹಾಸಕಾರರೂ ಆಗಿದ್ದ ಕರ್ನಲ್ ಮ್ಯಾಲೆಸನ್.

ಆಡಳಿತದ ಕಚೇರಿಗಳೆಲ್ಲ ಇದ್ದುದು ಬೆಂಗಳೂರಿನಲ್ಲಿ. ಅಠಾರಾ ಕಚೇರಿಯ ಕೆಂಪು ಕಟ್ಟಡ 1868ರಲ್ಲಿ ಸಿದ್ಧವಾಗಿತ್ತು. ಆದ್ದರಿಂದ ರಾಜಕುಮಾರ ಬೆಂಗಳೂರಿಗೆ ಬಂದಾಗ ಉಳಿಯಲು ತಕ್ಕ ನಿವಾಸ ಬೇಕಾಯಿತು. 1873ರಲ್ಲಿ ಗ್ಯಾರೆಟ್ ಅವರ ಮನೆಯನ್ನು 40,000 ರೂಪಾಯಿಗಳಿಗೆ ಕೊಳ್ಳಲಾಯಿತು. ಹಣ ಬಂದದ್ದು ಬಾಲಕ ಅರಸರ ಸ್ವಂತ ನಿಧಿಯಿಂದ. ಸಂಸ್ಥಾನದ ಬೊಕ್ಕಸ ಬೇರೆ, ಅರಸರ ಖಾಸಗಿ ನಿಧಿ ಬೇರೆ ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಲೆಕ್ಕಪುಸ್ತಕದ ಈ ಸಣ್ಣ ವ್ಯತ್ಯಾಸಕ್ಕೆ ಮುಂದೆ ಬಹಳ ಬೆಲೆ ಬಂತು.

ಈ ಅರಮನೆಯ ಬಗ್ಗೆ ಜನರ ಬಾಯಲ್ಲಿ ಒಂದು ಮಾತಿದೆ. ಮೈಸೂರಿನ ಅರಸರು ಇಂಗ್ಲೆಂಡಿಗೆ ಹೋಗಿದ್ದಾಗ ವಿಂಡ್ಸರ್ ಕೋಟೆಯನ್ನು ಕಂಡು ಮಾರುಹೋಗಿ, ಅದರಂತೆಯೇ ಇಲ್ಲಿ ಕಟ್ಟಿಸಿದರು ಎಂಬುದು ಆ ಮಾತು. ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಚಾಮರಾಜೇಂದ್ರ ಒಡೆಯರು ಹುಟ್ಟಿದ್ದು 1863ರ ಫೆಬ್ರವರಿಯಲ್ಲಿ. ಗ್ಯಾರೆಟ್ ಮನೆಯ ಕೆಲಸ ಆರಂಭವಾದದ್ದು ಅದಕ್ಕೂ ಮುಂಚೆ. ಮನೆ ಕೊಂಡಾಗ ದೊರೆಗೆ ಹತ್ತು ವರ್ಷ. ಕೊಳ್ಳುವ ನಿರ್ಧಾರ, ತಿದ್ದಿ ಕಟ್ಟುವ ನಿರ್ಧಾರ ಎರಡೂ ಪಾಲಕರದು. ಎರಡು ಇಸವಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು, ಕಥೆ ನಿಲ್ಲುವುದಿಲ್ಲ. ಕಟ್ಟಡದ ಒಟ್ಟು ರೂಪ ಇಂಗ್ಲೆಂಡಿನ ಕೋಟೆಗಳನ್ನು ನೆನಪಿಗೆ ತರುತ್ತದೆ ಎಂಬಷ್ಟು ಮಾತ್ರ ನಿಜ.

ಕೋಟೆಯಂತೆ ಕಾಣುವ ಮನೆ

ಕೊಂಡ ಮನೆಯನ್ನು 1870ರ ದಶಕದಲ್ಲಿ ಟ್ಯೂಡರ್ ಶೈಲಿಯಲ್ಲಿ ವಿಸ್ತರಿಸಲಾಯಿತು. 1485ರಿಂದ 1603ರವರೆಗೆ ಇಂಗ್ಲೆಂಡನ್ನು ಆಳಿದ ಟ್ಯೂಡರ್ ವಂಶದವರ ಕಾಲದ ಕಟ್ಟಡಗಳ ಮಾದರಿ ಇದು. ಮೂಲೆಗಳಲ್ಲಿ ಗೋಪುರ, ಚಾವಣಿಯ ಅಂಚಿನಲ್ಲಿ ಹಲ್ಲುಹಲ್ಲಾದ ಕೈಪಿಡಿ ಗೋಡೆ, ಮೇಲ್ತುದಿ ಚೂಪಾದ ಕಮಾನುಗಳು ಇಲ್ಲಿಯೂ ಇವೆ. ಕೋಟೆಗಳಲ್ಲಿ ಆ ಹಲ್ಲುಗಳಿಗೆ ಒಂದು ಉಪಯೋಗವಿತ್ತು. ಎತ್ತರದ ಭಾಗದ ಹಿಂದೆ ಬಿಲ್ಲುಗಾರ ಮರೆಯಾಗಿ ನಿಂತು, ತಗ್ಗಿನ ಭಾಗದಿಂದ ಬಾಣ ಬಿಡುತ್ತಿದ್ದ. ಫಿರಂಗಿ ಬಂದ ಮೇಲೆ ಆ ಉಪಯೋಗ ಹೋಯಿತು, ಆಕಾರ ಮಾತ್ರ ಉಳಿಯಿತು. ಬೆಂಗಳೂರು ಅರಮನೆಯ ಮೇಲಿರುವುದು ಹಾಗೆ ಅಲಂಕಾರಕ್ಕಾಗಿ ಉಳಿದ ಆಕಾರ.

ಒಳಗೆ ಹೊಕ್ಕರೆ ಭಾರತದ ಹವೆಗೆ ಒಗ್ಗಿದ ಮನೆ ಕಾಣುತ್ತದೆ. ನೆಲಮಹಡಿಯಲ್ಲಿ ತೆರೆದ ಅಂಗಳ, ಸುತ್ತ ನೀಲಿ ಹೆಂಚಿನ ಹೊದಿಕೆಯ ಕಲ್ಲಿನ ಆಸನಗಳು. ಬಿಸಿಯಾದ ಗಾಳಿ ಹಗುರವಾಗಿ ಅಂಗಳದ ಮೇಲಿನಿಂದ ಹೊರಹೋಗುತ್ತದೆ, ಅದರ ಜಾಗಕ್ಕೆ ನೆರಳಿನ ಕಡೆಯಿಂದ ತಂಪು ಗಾಳಿ ಬರುತ್ತದೆ. ಹಳ್ಳಿಯ ತೊಟ್ಟಿಮನೆಗಳಲ್ಲಿ ನಡೆಯುವುದೂ ಇದೇ ಕ್ರಿಯೆ. ಹೊರಗೆ ಇಂಗ್ಲೆಂಡ್, ಒಳಗೆ ತೊಟ್ಟಿಮನೆ ಎಂದರೆ ತಪ್ಪಾಗಲಾರದು.

ಮೊದಲ ಮಹಡಿಯಲ್ಲಿ ದರ್ಬಾರ್ ಹಾಲ್ ಇದೆ. ಅದಕ್ಕೆ ಹತ್ತುವ ಮೆಟ್ಟಿಲುಗಳ ಬಳಿ ದೊಡ್ಡ ಆನೆಯ ತಲೆಯೊಂದನ್ನು ಗೋಡೆಗೆ ಕೂರಿಸಲಾಗಿದೆ. ಹಾಲಿನ ಒಂದು ಬದಿಗೆ ಬಣ್ಣದ ಗಾಜಿನ ಕಿಟಕಿಗಳು, ಇನ್ನೊಂದು ಕಡೆ ರಾಣಿವಾಸದ ಹೆಂಗಸರು ಮರೆಯಲ್ಲಿ ಕುಳಿತು ಸಭೆ ನೋಡಲು ಪರದೆ. ಗೋಡೆಗಳ ಮೇಲೆ ರಾಜಾ ರವಿವರ್ಮನ ಚಿತ್ರಗಳೂ ಐರೋಪ್ಯ ಚಿತ್ರಗಳೂ ಉಂಟು. ಕಟ್ಟಡದ ಒಟ್ಟು ವಿಸ್ತಾರ 45,000 ಚದರ ಅಡಿ.

ತೋಟದ ಹೊಣೆ ಲಾಲ್‌ಬಾಗಿನ ಜಾನ್ ಕ್ಯಾಮರಾನ್ ಅವರಿಗೆ ಬಂತು. 1874ರಲ್ಲಿ ಲಾಲ್‌ಬಾಗಿನ ಮೇಲ್ವಿಚಾರಣೆ ವಹಿಸಿಕೊಂಡ ಈ ಸಸ್ಯತಜ್ಞರು ಹೊರದೇಶಗಳ ಅನೇಕ ಗಿಡಗಳನ್ನು ಇಲ್ಲಿಯ ನೆಲಕ್ಕೆ ಪರಿಚಯಿಸಿದವರು. ನಮ್ಮ ಅಡುಗೆಮನೆಯ ಸೀಮೆಬದನೆಕಾಯಿ ಬೆಂಗಳೂರಿನಲ್ಲಿ ಬೇರೂರಿದ್ದು ಅವರಿಂದಲೇ ಎನ್ನುತ್ತಾರೆ.

ಅರಮನೆ ಎದ್ದ ಆ ದಶಕದ ಇನ್ನೊಂದು ಮುಖವನ್ನು ಮರೆಯುವಂತಿಲ್ಲ. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಭೀಕರ ಕ್ಷಾಮ ಕಾಡಿತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮಿಕ್ಕಿದ್ದ ಜನಸಂಖ್ಯೆ 1881ರ ಗಣತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಗೋಪುರಗಳ ಸೊಬಗನ್ನು ನೋಡುವಾಗ ಈ ಎರಡು ಅಂಕಿಗಳೂ ನೆನಪಿರಬೇಕು.

ಅರಸರು ಬಂದರು, ಹೋದರು

1881ರ ಮಾರ್ಚ್ 25ರಂದು ಬ್ರಿಟಿಷರು ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಮರಳಿಸಿದರು. ದಂಡುಪ್ರದೇಶ ಮಾತ್ರ ಬ್ರಿಟಿಷರ ಕೈಯಲ್ಲೇ ಉಳಿಯಿತು. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರ ಸಲಹೆಯಂತೆ ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. ಆದರೆ ಈ ದೊರೆಯ ಆಯುಷ್ಯ ಚಿಕ್ಕದು. 1894ರ ಡಿಸೆಂಬರ್‌ನಲ್ಲಿ ಕಲ್ಕತ್ತಕ್ಕೆ ಹೋಗಿದ್ದಾಗ ಗಂಟಲಮಾರಿ, ಅಂದರೆ ಡಿಫ್ತೀರಿಯ ರೋಗದಿಂದ, ತಮ್ಮ ಮೂವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು. ಇಂದು ಪ್ರತಿ ಮಗುವಿಗೂ ಹಾಕುವ ಲಸಿಕೆ ತಡೆಯುವ ರೋಗ ಅದು. ಅಂದು ಅರಮನೆಯ ಐಶ್ವರ್ಯವೆಲ್ಲ ಸೇರಿದರೂ ಅದನ್ನು ತಡೆಯಲಾಗಲಿಲ್ಲ.

ಮಗ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಆಗ ಹತ್ತು ವರ್ಷ. ತಾಯಿ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿ ಆಳಿದರು. 1902ರಲ್ಲಿ ನಾಲ್ವಡಿಯವರು ಅಧಿಕಾರ ವಹಿಸಿಕೊಂಡರು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದ್ದು 1902ರಲ್ಲಿ, ಬೆಂಗಳೂರಿನ ಬೀದಿಗಳನ್ನು ಬೆಳಗಿದ್ದು 1905ರಲ್ಲಿ. ಟಾಟಾ ಅವರ ಕನಸಾಗಿದ್ದ ಭಾರತೀಯ ವಿಜ್ಞಾನ ಸಂಸ್ಥೆಗೆ ಯಶವಂತಪುರದ ದಾರಿಯಲ್ಲಿ 371 ಎಕರೆ ಜಾಗ ಸಿಕ್ಕಿದ್ದೂ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದೂ ಇವರ ಕಾಲದಲ್ಲೇ.

ಇಲ್ಲಿ ಒಂದು ಸೋಜಿಗದ ಸಂಬಂಧ ಕಾಣುತ್ತದೆ. ಗ್ಯಾರೆಟ್ ಮುಖ್ಯಸ್ಥರಾಗಿದ್ದ ಸೆಂಟ್ರಲ್ ಹೈಸ್ಕೂಲ್ 1875ರಲ್ಲಿ ಸೆಂಟ್ರಲ್ ಕಾಲೇಜಾಯಿತು, 1916ರಲ್ಲಿ ಹೊಸ ವಿಶ್ವವಿದ್ಯಾನಿಲಯದ ಅಂಗವಾಯಿತು. ಗ್ಯಾರೆಟ್ ಅವರ ಮನೆ ಕೊಂಡ ವಂಶದವರೇ ಅವರ ಶಾಲೆಯ ಆಸರೆಯೂ ಆದರು. 1928ರ ಮಾರ್ಚ್ 16ರಂದು ಸಿ.ವಿ. ರಾಮನ್ ಅವರು ತಮ್ಮ ಹೊಸ ಶೋಧವನ್ನು ಬೆಂಗಳೂರಿನ ವಿಜ್ಞಾನಿಗಳ ಮುಂದಿಟ್ಟಿದ್ದು ಇದೇ ಸೆಂಟ್ರಲ್ ಕಾಲೇಜಿನಲ್ಲಿ. ಮುಂದೆ ಮೈಸೂರು ಸರಕಾರ ಕೊಟ್ಟ ಜಾಗದಲ್ಲಿ ಅವರು 1948ರಲ್ಲಿ ತಮ್ಮ ಸಂಶೋಧನಾ ಸಂಸ್ಥೆಯನ್ನು ಆರಂಭಿಸಿದರು. ಆ ಸಂಸ್ಥೆ ಇರುವುದು ಅರಮನೆ ಮೈದಾನದ ಉತ್ತರದ ತುದಿಗೆ ಸಮೀಪದಲ್ಲಿ, ಮೇಖ್ರಿ ವೃತ್ತದ ಹತ್ತಿರ. ಪ್ರಿನ್ಸಿಪಾಲರ ಶಾಲೆಯಲ್ಲಿ ಸಾರಿದ ಸುದ್ದಿ, ಪ್ರಿನ್ಸಿಪಾಲರ ಮನೆಯ ನೆರೆಯಲ್ಲಿ ಬಂದು ನೆಲೆಸಿತು.

ನಾಲ್ವಡಿಯವರು 1940ರ ಆಗಸ್ಟ್ 3ರಂದು ಕೊನೆಯುಸಿರೆಳೆದದ್ದು ಬೆಂಗಳೂರು ಅರಮನೆಯಲ್ಲೇ. ಅವರಿಗೆ ಮಕ್ಕಳಿರಲಿಲ್ಲ. ಉತ್ತರಾಧಿಕಾರಿಯಾಗಬೇಕಿದ್ದ ತಮ್ಮ, ಯುವರಾಜ ಕಂಠೀರವ ನರಸಿಂಹರಾಜ ಒಡೆಯರು, ಅದೇ ವರ್ಷ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ತೀರಿಕೊಂಡಿದ್ದರು. ಹೀಗೆ ಯುವರಾಜರ ಮಗ, ಇಪ್ಪತ್ತೊಂದು ವರ್ಷದ ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದರು.

ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು, ಜೊತೆಗೆ ಪಾಶ್ಚಾತ್ಯ ಸಂಗೀತದ ಬಲ್ಲಿದರು. ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಡ್ಟ್ನರ್ ಅವರ ಕೃತಿಗಳನ್ನು ಧ್ವನಿಮುದ್ರಿಸಲು 1940ರ ದಶಕದ ಕೊನೆಯಲ್ಲಿ ಹಣ ಒದಗಿಸಿದವರು ಇವರೇ. ಮೆಡ್ಟ್ನರ್ ತಾವೇ ಪಿಯಾನೋ ನುಡಿಸಿದ ಆ ಮುದ್ರಿಕೆಗಳು ಲೋಕಕ್ಕೆ ಉಳಿದಿದ್ದರೆ ಅದರ ಹಿಂದೆ ಮೈಸೂರಿನ ಹಣವಿದೆ.

ದೊರೆ ಪ್ರಜೆಯಾದಾಗ

1947ರ ಅಕ್ಟೋಬರ್‌ನಲ್ಲಿ ಮೈಸೂರಿನಲ್ಲಿ ಕೆ.ಸಿ. ರೆಡ್ಡಿಯವರ ನೇತೃತ್ವದ ಜವಾಬ್ದಾರಿ ಸರಕಾರ ಬಂತು. ಅರಸರು ಮೊದಲು ರಾಜಪ್ರಮುಖರಾಗಿ, 1956ರಿಂದ ರಾಜ್ಯಪಾಲರಾಗಿ ಮುಂದುವರಿದರು. 1964ರಿಂದ 1966ರವರೆಗೆ ಮದರಾಸಿನ ರಾಜ್ಯಪಾಲರೂ ಆಗಿದ್ದರು. ಸಂಸ್ಥಾನಗಳು ವಿಲೀನವಾಗುವಾಗ ಯಾವುದು ರಾಜ್ಯದ ಸ್ವತ್ತು, ಯಾವುದು ಅರಸರ ಖಾಸಗಿ ಸ್ವತ್ತು ಎಂದು ಪಟ್ಟಿ ಮಾಡಬೇಕಾಯಿತು. ಬೆಂಗಳೂರು ಅರಮನೆ ಸೇರಿದ್ದು ಖಾಸಗಿ ಸ್ವತ್ತಿನ ಪಟ್ಟಿಗೆ. 1873ರಲ್ಲಿ 40,000 ರೂಪಾಯಿ ಯಾವ ಪೆಟ್ಟಿಗೆಯಿಂದ ಬಂದಿತ್ತು ಎಂಬ ಪ್ರಶ್ನೆಗೆ ಅರ್ಥ ಬಂದದ್ದು ಇಂಥ ಕಡೆ.

ಮೈಸೂರಿನ ಅರಸರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ರಾಜಧನ ನಿಗದಿಯಾಗಿತ್ತು. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿ ರಾಜಧನವನ್ನೂ ರಾಜಪದವಿಗಳನ್ನೂ ರದ್ದುಗೊಳಿಸಿತು. 1974ರಲ್ಲಿ ಜಯಚಾಮರಾಜ ಒಡೆಯರು ನಿಧನರಾದರು. ಮಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರು ಜನರ ಮತ ಕೇಳಿ ನಾಲ್ಕು ಬಾರಿ ಮೈಸೂರಿನಿಂದ ಲೋಕಸಭೆಗೆ ಆರಿಸಿಬಂದರು. ತಾತಂದಿರು ಕಟ್ಟಿದ ಪ್ರಜಾಪ್ರತಿನಿಧಿ ಸಭೆಗೆ ಇದೊಂದು ಸಹಜ ಮುಂದುವರಿಕೆಯಂತಿತ್ತು.

ಅಷ್ಟರಲ್ಲಿ ಊರು ಅರಮನೆಯನ್ನು ಸುತ್ತುವರಿದಿತ್ತು. ಅರಮನೆಯ ಹಣ್ಣಿನ ತೋಟಗಳಿದ್ದ ಕಡೆ 'ಪ್ಯಾಲೇಸ್ ಆರ್ಚರ್ಡ್ಸ್' ಬಡಾವಣೆ ಎದ್ದಿತು. ಪಕ್ಕದ ಹಳ್ಳಿ 'ಪ್ಯಾಲೇಸ್ ಗುಟ್ಟಹಳ್ಳಿ' ಎಂದೇ ಉಳಿಯಿತು. ಬಯಲಿನಲ್ಲಿ ರಾಜಕೀಯ ಸಮಾವೇಶಗಳು, ಮದುವೆಗಳು, ಮೇಳಗಳು ನಡೆದವು. 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ತಂಡಗಳು ಇಲ್ಲಿ ಹಾಡಿದವು. ಅರಮನೆಯನ್ನು ದುರಸ್ತಿ ಮಾಡಿ 2005ರಲ್ಲಿ ಸಾರ್ವಜನಿಕರಿಗೆ ತೆರೆಯಲಾಯಿತು. ದೊರೆಗಳ ಅತಿಥಿಗಳು ಮಾತ್ರ ಹತ್ತುತ್ತಿದ್ದ ಮೆಟ್ಟಿಲನ್ನು ಟಿಕೆಟು ಕೊಂಡ ಶಾಲಾಮಕ್ಕಳು ಹತ್ತುವಂತಾಯಿತು.

ಎಕರೆಗೆ ಎಷ್ಟು?

ಈ ಮನೆಯ ಮುಂದಿನ ನಿವಾಸಿ ಯಾರು ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿ ದಶಕಗಳೇ ಆದವು. 1996ರಲ್ಲಿ ಕರ್ನಾಟಕ ಸರಕಾರ ಅರಮನೆಯನ್ನೂ ಅದರ 472 ಎಕರೆ 16 ಗುಂಟೆ ಜಾಗವನ್ನೂ ವಶಪಡಿಸಿಕೊಳ್ಳಲು ಕಾನೂನು ಮಾಡಿತು. ನಿಗದಿಪಡಿಸಿದ ಪರಿಹಾರ 11 ಕೋಟಿ ರೂಪಾಯಿ. 1997ರಲ್ಲಿ ಉಚ್ಚ ನ್ಯಾಯಾಲಯ ಕಾನೂನನ್ನು ಎತ್ತಿಹಿಡಿಯಿತು. ವಾರಸುದಾರರು ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲಿ ಮೇಲ್ಮನವಿ ಇತ್ಯರ್ಥವಾಗದೆ ನಿಂತಿರುವಾಗಲೇ 2013ರ ಡಿಸೆಂಬರ್‌ನಲ್ಲಿ ಶ್ರೀಕಂಠದತ್ತ ಒಡೆಯರು ತೀರಿಕೊಂಡರು.

ನಡುವೆ ಬಳ್ಳಾರಿ ರಸ್ತೆ ಮತ್ತು ಜಯಮಹಲ್ ರಸ್ತೆಗಳನ್ನು ಅಗಲಗೊಳಿಸುವ ಅಗತ್ಯ ಬಂತು. ಅದಕ್ಕೆ ಬೇಕಾದ 15 ಎಕರೆ 39 ಗುಂಟೆಗೆ ಬದಲಾಗಿ ವಾರಸುದಾರರಿಗೆ ಅಭಿವೃದ್ಧಿ ಹಕ್ಕುಪತ್ರ ಕೊಡಬೇಕೆಂದು ಸುಪ್ರೀಂ ಕೋರ್ಟು 2024ರ ಡಿಸೆಂಬರ್‌ನಲ್ಲಿ ಹೇಳಿತು. ಅದರ ಬೆಲೆ 3,000 ಕೋಟಿ ರೂಪಾಯಿಗೂ ಮೀರುತ್ತದೆ ಎಂಬುದು ಸರಕಾರದ ಲೆಕ್ಕ. ಅಷ್ಟು ಹೊರೆ ತಾಳಲಾರೆನೆಂದು 2025ರ ಜನವರಿಯಲ್ಲಿ ಸರಕಾರ ಸುಗ್ರೀವಾಜ್ಞೆ ಹೊರಡಿಸಿತು.

ಮಕ್ಕಳು ಈ ಅಂಕಿಗಳಿಂದ ಒಂದು ಲೆಕ್ಕ ಮಾಡಬಹುದು. 11 ಕೋಟಿಯನ್ನು 472.4 ಎಕರೆಗೆ ಹಂಚಿದರೆ ಎಕರೆಗೆ ಸುಮಾರು 2 ಲಕ್ಷ 33 ಸಾವಿರ ರೂಪಾಯಿ. 3,000 ಕೋಟಿಯನ್ನು ಹದಿನಾರು ಎಕರೆಗೆ ಹಂಚಿದರೆ ಎಕರೆಗೆ 187 ಕೋಟಿಗೂ ಹೆಚ್ಚು. ಒಂದೇ ಬಯಲಿನ ಮಣ್ಣಿಗೆ ಎರಡು ಬೆಲೆ. ಒಂದು ಕಡೆಯವರಿಗೆ ಮೊದಲನೆಯದು ಅನ್ಯಾಯವಾಗಿ ಕಾಣುತ್ತದೆ, ಇನ್ನೊಂದು ಕಡೆಯವರಿಗೆ ಎರಡನೆಯದು ತಲೆಸುತ್ತು ತರುತ್ತದೆ. ನ್ಯಾಯವಾದ ಬೆಲೆ ಯಾವುದೆಂದು ಹೇಳಬೇಕಾದುದು ನ್ಯಾಯಾಲಯ.

ಆದರೆ ರೂಪಾಯಿಯಲ್ಲಿ ಬರೆಯಲಾಗದ ಇನ್ನೊಂದು ಬೆಲೆಯೂ ಈ ಬಯಲಿಗಿದೆ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರು. 472 ಎಕರೆಯ ಮೇಲೆ ಒಂದೇ ಒಂದು ಸೆಂಟಿಮೀಟರು ಮಳೆ ಬಿದ್ದರೆ ಅದು 1 ಕೋಟಿ 90 ಲಕ್ಷ ಲೀಟರಿಗೂ ಹೆಚ್ಚು ನೀರು. ತೆರೆದ ಮಣ್ಣೂ ಮರದ ಬೇರೂ ಇದ್ದರೆ ಆ ನೀರಿನಲ್ಲಿ ಬಹುಪಾಲನ್ನು ಭೂಮಿ ನಿಧಾನವಾಗಿ ಹೀರುತ್ತದೆ. ಅದೇ ಜಾಗ ಕಾಂಕ್ರೀಟಾದರೆ ನೀರು ನಿಲ್ಲದೆ ರಸ್ತೆಗೆ ನುಗ್ಗುತ್ತದೆ. ಮಳೆಗಾಲದಲ್ಲಿ ಹೆಬ್ಬಾಳದ ಕೆಳಸೇತುವೆಗಳಲ್ಲಿ ಸಿಕ್ಕಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಾವಿರಾರು ಮರಗಳ ನೆರಳು, ಹಕ್ಕಿಗಳ ವಾಸ, ಸುತ್ತಲಿನ ಬಡಾವಣೆಗಳಿಗೆ ತಂಪು ಇವೆಲ್ಲ ಲೆಕ್ಕದ ಮೇಲಿನ ಬಡ್ಡಿ.

ತಂದೆತಾಯಂದಿರು ಒಂದು ರಜಾದಿನ ಮಕ್ಕಳನ್ನು ಕರೆದುಕೊಂಡು ಅರಮನೆಗೆ ಹೋಗಿ ಬರಬಹುದು. ಆನೆಯ ತಲೆಯನ್ನೂ ಬಣ್ಣದ ಗಾಜನ್ನೂ ಮಕ್ಕಳು ತಾವಾಗಿಯೇ ನೋಡುತ್ತಾರೆ. ಅಂಗಳದಲ್ಲಿ ಗಾಳಿ ಎತ್ತ ಬೀಸುತ್ತದೆ, ಗೋಡೆಯ ಹಲ್ಲುಗಳು ಏಕಿವೆ, ಹೊರಗಿನ ಬಯಲಿಗೆ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಾತ್ರ ದೊಡ್ಡವರು ಕೇಳಬೇಕು. ಇದು ಮೊದಲು ಪುಸ್ತಕ ಪ್ರೀತಿಸಿದ ಪ್ರಿನ್ಸಿಪಾಲರೊಬ್ಬರ ಮನೆಯಾಗಿತ್ತು ಎಂಬುದನ್ನೂ ಹೇಳಬೇಕು. ಯಜಮಾನರು ಎಷ್ಟೇ ಬದಲಾದರೂ ಈ ಮನೆಯಲ್ಲಿ ಕಲಿಯುವುದಕ್ಕೆ ಇನ್ನೂ ಬೇಕಾದಷ್ಟಿದೆ.